ಆ ‘ನೀನು’ ಯಾರು? ಗ್ಲೋರಿಯಾ ಗೇನರ್ ಕುರಿತು ಧಾರವಾಡದ ಓದುಗರಿಗೆ ಉತ್ತರ

ಮಾನ್ಯರೇ,

ಅಮೆರಿಕದ ಸೋಲ್ ಮತ್ತು ಡಿಸ್ಕೊ ಗಾಯಕಿ ಗ್ಲೋರಿಯಾ ಗೇನರ್ ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಅರ್ಧ ಪುಟದ ಟಿಪ್ಪಣಿಯನ್ನು ಓದಿ ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ನಲವತ್ತು ವರ್ಷ ಧಾರವಾಡದ ಬೈಠಕ್‌ಗಳಲ್ಲಿ ಕುಳಿತು ಪಳಗಿದ ಕಿವಿ ತಮ್ಮದು ಎಂಬುದು ಅದರ ಸಾಲುಸಾಲಿನಲ್ಲೂ ಗೊತ್ತಾಗುತ್ತದೆ. ತಮ್ಮ ಆಕ್ಷೇಪಗಳು ಮೂರು. ಡಿಸ್ಕೊ ಎಂದರೆ ಯಂತ್ರ ಬಾರಿಸುವ ಠೇಕಾ, ಅಲ್ಲಿ ಹಾಡುವವರಿಗೆ ಕೆಲಸವಿಲ್ಲ ಎಂಬುದು ಮೊದಲನೆಯದು. ಗೇನರ್ ಒಂದೇ ಹಾಡಿನ ಗಾಯಕಿ ಎಂಬುದು ಎರಡನೆಯದು. ಆ ಒಂದು ಹಾಡಾದರೂ, ಬಿಟ್ಟುಹೋಗಿ ಮರಳಿ ಬಂದ ಪ್ರಿಯಕರನಿಗೆ ಹೆಣ್ಣೊಬ್ಬಳು ಬಾಗಿಲು ತೋರಿಸುವ ಸಾಮಾನ್ಯ ಪ್ರಸಂಗ, ಅದನ್ನು ನಾವು ‘ಬದುಕಿನ ಹಾಡು’ ಎಂದು ಕರೆದದ್ದು ಅತಿಯಾಯಿತು ಎಂಬುದು ಮೂರನೆಯದು. ಇಷ್ಟಾದರೂ ಪತ್ರದ ಕೊನೆಯಲ್ಲಿ, ಕೇಳುವುದೇ ಆದರೆ ಎಲ್ಲಿಂದ ಕೇಳಲಿ ಎಂದು ವಿಚಾರಿಸಿದ್ದೀರಿ. ಆ ಒಂದು ಸಾಲಿಗಾಗಿಯೇ ಈ ಉತ್ತರವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೂರನೆಯ ಆಕ್ಷೇಪವನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ‘ಐ ವಿಲ್ ಸರ್ವೈವ್’ ಹಾಡಿನ ಮಾತುಗಳು ಮೇಲ್ನೋಟಕ್ಕೆ ತಾವು ಹೇಳಿದಂತೆಯೇ ಇವೆ. ಒಬ್ಬಳು ‘ನಾನು’, ಒಬ್ಬ ‘ನೀನು’, ನಡುವೆ ಒಂದು ಬಾಗಿಲು. ಆದರೆ ಅದನ್ನು ಬರೆದ ಇಬ್ಬರಲ್ಲಿ ಒಬ್ಬರಾದ ಡಿನೊ ಫೆಕಾರಿಸ್ ಅವರ ಮನಸ್ಸಿನಲ್ಲಿ ಆಗ ಇದ್ದದ್ದು ಪ್ರೇಮದ ನೋವಲ್ಲ. ಡೆಟ್ರಾಯಿಟ್‌ನಲ್ಲಿ ಹುಟ್ಟಿ ಬೆಳೆದ ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆಯಲ್ಲಿ ಹಲವು ವರ್ಷ ಹಾಡು ಬರೆದ ಮೇಲೆ ಅವರನ್ನು ಕೆಲಸದಿಂದ ತೆಗೆದುಹಾಕಲಾಗಿತ್ತು. ಕೈಯಲ್ಲಿ ಕೆಲಸವಿಲ್ಲದೆ ಮನೆಯಲ್ಲಿದ್ದ ಒಂದು ದಿನ, ತಾವೇ ಹಿಂದೆ ಬರೆದಿದ್ದ ಹಾಡೊಂದು ಟಿವಿಯಲ್ಲಿ ಕೇಳಿಬಂದಾಗ, ಪರವಾಗಿಲ್ಲ, ನಾನು ಉಳಿದುಕೊಳ್ಳುತ್ತೇನೆ ಎಂದು ತಮಗೆ ತಾವೇ ಹೇಳಿಕೊಂಡದ್ದನ್ನು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಆ ಮಾತನ್ನು ಹಾಡಾಗಿಸಲು ಜೊತೆಯಾದವರು ಫ್ರೆಡಿ ಪೆರೆನ್. ಅವರೂ ಮೋಟೌನ್‌ನಿಂದ ಬಂದವರೇ, ಜ್ಯಾಕ್ಸನ್ ಫೈವ್ ತಂಡದ ಮೊದಲ ದೊಡ್ಡ ಹಾಡುಗಳನ್ನು ಬರೆದ ಬಳಗದವರು. ಹಾಗಾಗಿ ಹಾಡಿನ ಮೊದಲ ‘ನೀನು’, ಕೆಲಸ ಕಿತ್ತುಕೊಂಡ ಒಂದು ಸಂಸ್ಥೆ.

ಎರಡನೆಯ ‘ನೀನು’ ಗೇನರ್ ಅವರದು, ಅದು ಇನ್ನೂ ಕಠಿಣವಾದದ್ದು. 1978ರಲ್ಲಿ ನ್ಯೂಯಾರ್ಕ್‌ನ ಬೀಕನ್ ಥಿಯೇಟರಿನ ಕಾರ್ಯಕ್ರಮವೊಂದರಲ್ಲಿ, ನರ್ತಕರ ಜೊತೆ ಮೈಕಿನ ತಂತಿಯನ್ನು ಹಗ್ಗದಂತೆ ಜಗ್ಗಾಡುವ ಆಟವಾಡುತ್ತಿದ್ದಾಗ, ಅವರು ವೇದಿಕೆಯ ಮೇಲಿದ್ದ ಸ್ಪೀಕರಿಗೆ ಎಡವಿ ಹಿಮ್ಮುಖವಾಗಿ ಬಿದ್ದರು. ಎದ್ದು ಕಾರ್ಯಕ್ರಮ ಮುಗಿಸಿದರು. ಮರುದಿನ ಬೆಳಿಗ್ಗೆ ಎಚ್ಚರವಾದಾಗ ಸೊಂಟದಿಂದ ಕೆಳಗೆ ಕಾಲುಗಳು ಅಲುಗಲಿಲ್ಲ. ಬೆನ್ನುಮೂಳೆಗೆ ಶಸ್ತ್ರಚಿಕಿತ್ಸೆಯಾಯಿತು, ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದರು. ಸ್ಟುಡಿಯೋಗೆ ಬಂದು ಆ ಹಾಡು ಹಾಡಿದಾಗ ಅವರ ಬೆನ್ನಿಗೆ ಇನ್ನೂ ಬಿಗಿಪಟ್ಟಿ ಕಟ್ಟಿತ್ತು. ಹಾಡುವಾಗ ತಮ್ಮ ಮನಸ್ಸಿನಲ್ಲಿ ಇದ್ದದ್ದು ಈ ಬೆನ್ನು ಮತ್ತು ಕೆಲವು ವರ್ಷಗಳ ಹಿಂದೆ ತೀರಿಕೊಂಡ ತಾಯಿ ಎಂದು ಆಕೆಯೇ ಹೇಳಿದ್ದಾರೆ. ತಾಯಿ ಹೋದ ಮೇಲೆ ತಾನು ಬದುಕಿರಲಾರೆ ಎಂದುಕೊಂಡಿದ್ದ ಮಗಳು ಆಕೆ. ಪ್ರಿಯಕರನಿಗೆ ಹೇಳಿದಂತೆ ತಮಗೆ ಕೇಳಿಸಿದ ಮಾತನ್ನು ಆಕೆ ಹೇಳುತ್ತಿದ್ದದ್ದು ಸಾವಿಗೆ ಮತ್ತು ನೋವಿಗೆ. ಇದನ್ನು ತಿಳಿದುಕೊಂಡೇ ನಾವು ‘ಬದುಕಿನ ಹಾಡು’ ಎಂಬ ಪದ ಬಳಸಿದೆವು, ಈಗಲೂ ಅದನ್ನು ಹಿಂತೆಗೆದುಕೊಳ್ಳಲು ನನಗೆ ಮನಸ್ಸಿಲ್ಲ.

ಈ ಹಾಡು ಹೊರಬಂದ ರೀತಿಯೂ ತಮಗೆ ತಿಳಿದಿರಲಿ. ಕಂಪನಿಗೆ ಬೇಕಿದ್ದದ್ದು ‘ಸಬ್‌ಸ್ಟಿಟ್ಯೂಟ್’ ಎಂಬ ಬೇರೊಂದು ಹಾಡು. ಅದನ್ನು ಮಾಡಿಕೊಡಲು ಪೆರೆನ್ ಒಪ್ಪಿದ್ದು, ಗ್ರಾಮಫೋನ್ ತಟ್ಟೆಯ ಹಿಂಬದಿಗೆ ತಮ್ಮದೇ ಹಾಡನ್ನು ಹಾಕಿಕೊಳ್ಳುತ್ತೇವೆ ಎಂಬ ಷರತ್ತಿನ ಮೇಲೆ. ಮಾತುಗಳನ್ನು ಗೇನರ್ ಅವರಿಗೆ ಕೊಟ್ಟದ್ದು ಕಂದು ಕಾಗದದ ಚೀಲವೊಂದರ ಮೇಲೆ ಗೀಚಿ. ಓದಿದ ಕೂಡಲೇ, ಇಂಥದ್ದನ್ನು ಯಾರಾದರೂ ಹಿಂಬದಿಗೆ ಹಾಕುತ್ತಾರೆಯೇ ಎಂದು ಆಕೆ ಕೇಳಿದರಂತೆ. 1978ರ ಅಕ್ಟೋಬರಿನಲ್ಲಿ ತಟ್ಟೆ ಹಿಂಬದಿಯ ಹಾಡಾಗಿಯೇ ಬಂತು. ಅದನ್ನು ತಿರುವಿ ಹಾಕಿದವರು ನೃತ್ಯಶಾಲೆಗಳಲ್ಲಿ ತಟ್ಟೆ ನುಡಿಸುವ ಡಿಜೆಗಳು. ಗೇನರ್ ಮತ್ತು ಅವರ ಪತಿಯಾಗಲಿದ್ದ ಲಿನ್‌ವುಡ್ ಸೈಮನ್ ನ್ಯೂಯಾರ್ಕ್‌ನ ಸ್ಟುಡಿಯೋ 54 ನೃತ್ಯಶಾಲೆಗೆ ತಾವೇ ಹೋಗಿ, ರಿಚಿ ಕ್ಯಾಜರ್ ಎಂಬ ಡಿಜೆಯ ಕೈಗೆ ತಟ್ಟೆ ಕೊಟ್ಟು ಬಂದರು. ಕುಣಿಯುತ್ತಿದ್ದವರು ಒಪ್ಪಿಕೊಂಡರು, ರೇಡಿಯೋ ಕೇಂದ್ರಗಳಿಗೆ ಬೇಡಿಕೆ ಹೋಯಿತು, ಕಂಪನಿ ಮಣಿಯಿತು. 1979ರ ಮಾರ್ಚ್‌ನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೆ ಏರಿತು, ಬ್ರಿಟನ್ನಿನಲ್ಲಿಯೂ ಹಾಗೆಯೇ. ಹಿಂಬದಿಯಿಂದ ಮುಂದೆ ಬಂದ ಹಾಡು ಇದೊಂದೇ ಅಲ್ಲ. ಬೆಂಗಳೂರಿನಲ್ಲಿ ಬೆಳೆದು ಲಂಡನ್ ಸೇರಿದ ನಮ್ಮ ಬಿದ್ದು ಅಪ್ಪಯ್ಯ 1974ರಲ್ಲಿ ಕಾರ್ಲ್ ಡಗ್ಲಾಸ್ ಅವರಿಂದ ಹಾಡಿಸಿದ ‘ಕುಂಗ್ ಫು ಫೈಟಿಂಗ್’ ಕೂಡ ಹಿಂಬದಿಗೆಂದೇ ಅವಸರದಲ್ಲಿ ಧ್ವನಿಮುದ್ರಿಸಿದ ಹಾಡು. ಅದೂ ಎರಡೂ ದೇಶಗಳಲ್ಲಿ ಮೊದಲ ಸ್ಥಾನ ಕಂಡಿತು.

ಇನ್ನು ಠೇಕಾದ ಮಾತು. ಯಂತ್ರದ ಆರೋಪಕ್ಕೆ ಆಧಾರವೇ ಇಲ್ಲ ಎನ್ನಲಾರೆ. 1977ರ ನಂತರ ಡಿಸ್ಕೊದ ಒಂದು ಕವಲು ಸಿಂಥಸೈಜರಿನ ಕಡೆಗೆ ಹೋದದ್ದು ನಿಜ. ಆದರೆ ಈ ಹಾಡಿನ ಡ್ರಮ್ಸ್ ನುಡಿಸಿದವರು ಜೇಮ್ಸ್ ಗ್ಯಾಡ್ಸನ್ ಎಂಬ ಕಲಾವಿದರು. ಸೋಲ್ ಗಾಯಕ ಬಿಲ್ ವಿದರ್ಸ್ ಅವರಿಗೆ ನುಡಿಸಿ ಹೆಸರಾದ ಕೈ ಅದು. ಈ ಉತ್ತರಕ್ಕೆ ಕೂರುವ ಮುನ್ನ ನಿನ್ನೆ ರಾತ್ರಿ ಎಲ್ಲರೂ ಹೋದ ಮೇಲೆ ಕಚೇರಿಯಲ್ಲಿ ಕುಳಿತು ಹೆಡ್‌ಫೋನ್ ಹಾಕಿಕೊಂಡು ಮೂರು ಸಲ ಕೇಳಿದೆ. ತಮ್ಮ ಕಿವಿಗೆ ಒಪ್ಪುವಂತೆ ಹೇಳಲು ಯತ್ನಿಸುತ್ತೇನೆ. ಆರಂಭದಲ್ಲಿ ಪಿಯಾನೋ ಒಮ್ಮೆ ಮೇಲಿನಿಂದ ಕೆಳಗೆ ಜಾರುತ್ತದೆ. ಆಮೇಲಿನ ಕೆಲವು ಸಾಲುಗಳಿಗೆ ಲಯದ ಕಟ್ಟೇ ಇಲ್ಲ. ತಾನು ಹೆದರಿದ್ದೆ ಎಂಬುದನ್ನು ಆಕೆ ಬಿಡುಗಂಠದಲ್ಲಿ, ತನ್ನದೇ ನಿಧಾನದಲ್ಲಿ, ಮಾತು ಮತ್ತು ಹಾಡಿನ ನಡುವೆ ಎಲ್ಲೋ ನಿಂತು ಹೇಳುತ್ತಾರೆ. ಆಲಾಪ ಮುಗಿಸಿದ ಗಾಯಕರು ಚೀಜ್ ಎತ್ತಿಕೊಂಡಾಗ ತಬಲಾ ಸೇರಿಕೊಳ್ಳುವ ಗಳಿಗೆ ತಮಗೆ ಗೊತ್ತು. ಇಲ್ಲಿ ಡ್ರಮ್ಸ್ ಸೇರಿಕೊಳ್ಳುವುದು ಅಂಥದ್ದೇ ಗಳಿಗೆಯಲ್ಲಿ. ಅಲ್ಲಿಂದ ಕೊನೆಯವರೆಗೂ ಎಂಟು ಸ್ವರಮೇಳಗಳ ಒಂದೇ ಆವರ್ತ ಸುತ್ತುತ್ತದೆ. ಪಲ್ಲವಿಗೂ ಚರಣಕ್ಕೂ ಅದೇ ಆವರ್ತ. ಶ್ರುತಿ ಏರುವುದಿಲ್ಲ, ಹಿಂದೆ ದನಿಗೂಡಿಸುವ ಗಾಯಕಿಯರಿಲ್ಲ. ಆ ಕಾಲದ ಡಿಸ್ಕೊ ಹಾಡುಗಳಲ್ಲಿ ಇದು ಅಪರೂಪ. ಆವರ್ತ ಬದಲಾಗದೇ ಇರುವಾಗ ಹೆದರಿಕೆಯಿಂದ ಧೈರ್ಯದವರೆಗಿನ ದಾರಿಯನ್ನು ಆಕೆ ದನಿಯೊಂದರಲ್ಲೇ ನಡೆಯಬೇಕಾಗುತ್ತದೆ. ಪ್ರತಿ ಸುತ್ತಿನಲ್ಲೂ ದನಿ ಸ್ವಲ್ಪ ಸ್ವಲ್ಪವೇ ಗಟ್ಟಿಯಾಗುತ್ತ ಹೋಗುವುದನ್ನು, ಸಾಲಿನ ಕೊನೆಯ ಪದವನ್ನು ಮೊದಲು ಬಿಟ್ಟುಕೊಡುತ್ತಿದ್ದವರು ಬರಬರುತ್ತ ಕಚ್ಚಿ ಹಿಡಿಯುವುದನ್ನು ಗಮನಿಸಿ. ಹಾಡುವವರಿಗೆ ಕೆಲಸವಿಲ್ಲ ಎಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ನನ್ನಲ್ಲಿಲ್ಲ.

ಆ ದನಿ ಒಂದು ದಿನದಲ್ಲಿ ಆದದ್ದಲ್ಲ. ಗ್ಲೋರಿಯಾ ಫೌಲ್ಸ್ ಹುಟ್ಟಿದ್ದು 1943ರ ಸೆಪ್ಟೆಂಬರ್ 7ರಂದು, ನ್ಯೂಜೆರ್ಸಿಯ ನ್ಯೂಅರ್ಕ್ ಪಟ್ಟಣದ ಬಡ ಕಪ್ಪು ಕುಟುಂಬದಲ್ಲಿ. ತಂದೆ ಮನೆಯಲ್ಲಿರಲಿಲ್ಲ. ಮನೆಯಲ್ಲಿ ರೇಡಿಯೋ ಸದಾ ಹಾಡುತ್ತಿತ್ತು. ಅಣ್ಣತಮ್ಮಂದಿರು ಸೇರಿ ಗಾಸ್ಪೆಲ್ ಎಂಬ ಕ್ರೈಸ್ತ ಭಕ್ತಿಗೀತೆ ಹಾಡುತ್ತಿದ್ದರು; ಹುಡುಗಿ ಎಂಬ ಕಾರಣಕ್ಕೆ ಇವರನ್ನು ಸೇರಿಸಿಕೊಳ್ಳಲಿಲ್ಲ. 1965ರಲ್ಲಿ ಗಾಯಕ ಜಾನಿ ನ್ಯಾಶ್ ಅವರ ಪುಟ್ಟ ಕಂಪನಿಗಾಗಿ ಮೊದಲ ತಟ್ಟೆ ಮಾಡಿದರು, ‘ಗೇನರ್’ ಎಂಬ ಹೆಸರು ಆಗಲೇ ಬಂದದ್ದು. ತಟ್ಟೆ ಓಡಲಿಲ್ಲ. ಮುಂದಿನ ವರ್ಷಗಳೆಲ್ಲ ಊರೂರಿನ ಕ್ಲಬ್ಬುಗಳಲ್ಲಿ ಬ್ಯಾಂಡಿನ ಜೊತೆ ರಾತ್ರಿಯೆಲ್ಲ ಹಾಡುವ ದುಡಿಮೆ. ‘ಐ ವಿಲ್ ಸರ್ವೈವ್’ ಹಾಡುವ ಹೊತ್ತಿಗೆ ಅವರಿಗೆ 35 ವರ್ಷ, ಮೊದಲ ತಟ್ಟೆ ಬಂದು 13 ವರ್ಷ.

ಒಂದೇ ಹಾಡಿನ ಗಾಯಕಿ ಎಂಬ ಮಾತು ಇಲ್ಲಿಯೇ ಸಡಿಲವಾಗುತ್ತದೆ. ಜ್ಯಾಕ್ಸನ್ ಫೈವ್ ಹಾಡಿದ್ದ ‘ನೆವರ್ ಕ್ಯಾನ್ ಸೇ ಗುಡ್‌ಬೈ’ ಹಾಡನ್ನು ಗೇನರ್ 1974ರಲ್ಲಿ ವೇಗ ಹೆಚ್ಚಿಸಿ ಹಾಡಿದರು. ಅದು ಅಮೆರಿಕದಲ್ಲಿ ಒಂಬತ್ತನೆಯ, ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನ ತಲುಪಿತು. ಅದೇ ಹೆಸರಿನ 1975ರ ಎಲ್‌ಪಿಯಲ್ಲಿ ಧ್ವನಿಮಿಶ್ರಣ ಮಾಡುವ ಟಾಮ್ ಮೌಲ್ಟನ್ ಒಂದು ಹೊಸ ಕೆಲಸ ಮಾಡಿದರು. ಮೊದಲ ಬದಿಯ ಮೂರು ಹಾಡುಗಳನ್ನು ನಡುವೆ ಬಿಡುವೇ ಇಲ್ಲದಂತೆ ಬೆಸೆದು, ಸುಮಾರು 19 ನಿಮಿಷಗಳ ಒಂದೇ ಓಟ ಮಾಡಿದರು. ಕುಣಿಯುವವರು ಹಾಡು ಮುಗಿದಾಗಲೆಲ್ಲ ನೆಲ ಬಿಟ್ಟು ಹೋಗಬಾರದು ಎಂಬುದು ಉದ್ದೇಶ. ರಾತ್ರಿಯಿಡೀ ಕುಣಿಸುವ ಡಿಜೆಗಳು ಕೈಯಲ್ಲಿ ಮಾಡುತ್ತಿದ್ದದ್ದನ್ನು ಎಲ್‌ಪಿಯೇ ಮಾಡತೊಡಗಿತು. ಇಂದಿನ ನೃತ್ಯಸಂಗೀತ ಇಡೀ ಆ ದಾರಿಯಲ್ಲೇ ಬಂದಿದೆ. ಆ ಓಟದಲ್ಲಿ ಆಕೆಯ ದನಿಗಿಂತ ವಾದ್ಯಗಳ ಪಾಲೇ ಹೆಚ್ಚು ಎಂಬುದು ಮಾತ್ರ ನಿಜ, ಅಷ್ಟರ ಮಟ್ಟಿಗೆ ತಮ್ಮ ಮೊದಲ ಆಕ್ಷೇಪವನ್ನು ಒಪ್ಪುತ್ತೇನೆ.

ಪತ್ರದಲ್ಲಿ ತಾವು, ಡಿಸ್ಕೊ ನಿಜಕ್ಕೂ ಸಂಗೀತವಾಗಿದ್ದರೆ ಅದರ ತವರಿನ ಜನರೇ ಅದನ್ನು ಸುಟ್ಟದ್ದೇಕೆ ಎಂದೂ ಕೇಳಿದ್ದೀರಿ. ಸುಟ್ಟದ್ದು ಹೌದು. 1979ರ ಜುಲೈ 12ರಂದು ಶಿಕಾಗೋದ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ, ರೇಡಿಯೋ ನಿರೂಪಕ ಸ್ಟೀವ್ ಡಾಲ್ ಅವರ ಮುಂದಾಳುತನದಲ್ಲಿ, ಪ್ರೇಕ್ಷಕರು ತಂದ ಡಿಸ್ಕೊ ತಟ್ಟೆಗಳನ್ನು ರಾಶಿ ಹಾಕಿ ಸ್ಫೋಟಿಸಲಾಯಿತು. ಜನ ಮೈದಾನಕ್ಕೆ ನುಗ್ಗಿ, ಎರಡನೆಯ ಪಂದ್ಯವೇ ನಡೆಯಲಿಲ್ಲ. ಆದರೆ ಅವರನ್ನು ತವರಿನ ಜನ ಎನ್ನಲಾಗದು. ಡಿಸ್ಕೊ ಹುಟ್ಟಿದ್ದು 70ರ ದಶಕದ ಆರಂಭದಲ್ಲಿ, ನ್ಯೂಯಾರ್ಕ್‌ನ ಕಪ್ಪು ಜನ, ಲ್ಯಾಟಿನೋ ಜನ ಮತ್ತು ಸಲಿಂಗಪ್ರೇಮಿಗಳು ರಾತ್ರಿ ಕೂಡುತ್ತಿದ್ದ ನೃತ್ಯಶಾಲೆಗಳಲ್ಲಿ; ಸುಟ್ಟ ಗುಂಪಿನಲ್ಲಿ ಹೆಚ್ಚಿನವರು ರಾಕ್ ಕೇಳುವ ಬಿಳಿಯ ಹುಡುಗರು. ಅಂದು ತಂದು ಹಾಕಿದ್ದರಲ್ಲಿ ಡಿಸ್ಕೊ ಅಲ್ಲದ, ಕೇವಲ ಕಪ್ಪು ಕಲಾವಿದರದ್ದೆಂಬ ತಟ್ಟೆಗಳೂ ಇದ್ದವು ಎಂದು ಅಲ್ಲಿ ಕೆಲಸಕ್ಕಿದ್ದವರೇ ಹೇಳಿದ್ದಾರೆ. ಈ ಸಂಗತಿ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. 1980ರ ಫೆಬ್ರವರಿಯಲ್ಲಿ ಗೇನರ್ ಅವರಿಗೆ ಅತ್ಯುತ್ತಮ ಡಿಸ್ಕೊ ಧ್ವನಿಮುದ್ರಣದ ಗ್ರ್ಯಾಮಿ ಪ್ರಶಸ್ತಿ ಬಂತು. ಆ ವಿಭಾಗವನ್ನು ಇಟ್ಟದ್ದೂ ಅದೇ ವರ್ಷ, ತೆಗೆದದ್ದೂ ಅದೇ ವರ್ಷ.

ಆಮೇಲಿನ ವರ್ಷಗಳಲ್ಲಿ ದೊಡ್ಡ ಕಂಪನಿಗಳು ದೂರವಾದವು. 1982ರ ಹೊತ್ತಿಗೆ ಆಕೆ ಕ್ರೈಸ್ತ ಶ್ರದ್ಧೆಯ ಕಡೆಗೆ ತಿರುಗಿದರು. 1983ರಲ್ಲಿ ಬ್ರಾಡ್‌ವೇ ಸಂಗೀತ ನಾಟಕವೊಂದರ ‘ಐ ಆ್ಯಮ್ ವಾಟ್ ಐ ಆ್ಯಮ್’ ಹಾಡಿದರು, ಅದನ್ನು ಸಲಿಂಗಪ್ರೇಮಿಗಳು ತಮ್ಮದಾಗಿಸಿಕೊಂಡರು. ಯೂರೋಪಿನಲ್ಲಿ ಕಾರ್ಯಕ್ರಮಗಳು ನಿಲ್ಲಲಿಲ್ಲ, ಬೆನ್ನುನೋವೂ ನಿಲ್ಲಲಿಲ್ಲ. ಬಿದ್ದ ನಲವತ್ತು ವರ್ಷಗಳ ನಂತರ ಮತ್ತೆ ದೊಡ್ಡ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಅದಾದ ಮೇಲೆ, 2019ರಲ್ಲಿ, ‘ಟೆಸ್ಟಿಮನಿ’ ಎಂಬ ಗಾಸ್ಪೆಲ್ ಆಲ್ಬಮ್ ಹೊರತಂದರು. 2020ರ ಜನವರಿಯಲ್ಲಿ ಅದಕ್ಕೆ ಗ್ರ್ಯಾಮಿ ಸಿಕ್ಕಿತು, ಮೊದಲನೆಯದು ಬಂದ ನಲವತ್ತು ವರ್ಷಕ್ಕೆ. ಹುಡುಗಿ ಎಂದು ಅಣ್ಣತಮ್ಮಂದಿರು ಹಾಡಲು ಬಿಡದಿದ್ದ ಗಾಸ್ಪೆಲ್‌ಗೇ ಆ ಪ್ರಶಸ್ತಿ ಬಂದದ್ದು ನನಗೆ ತುಂಬ ಸಂತೋಷ ಕೊಟ್ಟ ಸಂಗತಿ.

ಎಲ್ಲಿಂದ ಕೇಳಬೇಕು ಎಂದಿರಿ. ‘ಟೆಸ್ಟಿಮನಿ’ಯಿಂದಲೇ ಆರಂಭಿಸಿ, 70 ದಾಟಿದ ಕಂಠದಲ್ಲಿ ಚರ್ಚಿನ ಬೇರು ಅಡೆತಡೆಯಿಲ್ಲದೆ ಕೇಳಿಸುತ್ತದೆ. ನಂತರ 1975ರ ಆ 19 ನಿಮಿಷಗಳ ಬದಿಯನ್ನು ನಡುವೆ ನಿಲ್ಲಿಸದೆ ಕೇಳಿ. ಕೊನೆಗೆ ‘ಐ ವಿಲ್ ಸರ್ವೈವ್’, ರೇಡಿಯೋದಲ್ಲಿ ಬರುವ ಮೂರು ನಿಮಿಷದ ತುಂಡಲ್ಲ, ಎಂಟು ನಿಮಿಷಗಳ ಪೂರ್ಣ ರೂಪ. ಸಾಧ್ಯವಾದರೆ ಹೆಡ್‌ಫೋನಿನಲ್ಲಿ, ಡ್ರಮ್ಸ್ ಸೇರುವ ಮುಂಚಿನ ಆ ಕೆಲವು ಸಾಲುಗಳನ್ನು ಎರಡು ಸಲ.

ತಮ್ಮ ವಿಶ್ವಾಸಿ,
ಸಂಪಾದಕ