ಗಣಿತ, ಭೌತಶಾಸ್ತ್ರ, ನೆಟ್‌ವರ್ಕಿಂಗ್ ಮೂರನ್ನೂ ಸೇರಿಸಿ ಸಂಶೋಧನೆ ಮಾಡುವುದು ಆಗುವ ಮಾತೇ?

ನೀವು ಕೇಳಿದ್ದು: ಕೊಪ್ಪಳದಲ್ಲಿ ಬಿ.ಎಸ್‌ಸಿ. ಮುಗಿಸಿ ಈಗ ಇಂಟರ್ನೆಟ್ ಕಂಪನಿಯೊಂದರಲ್ಲಿ ಕೇಬಲ್, ರೌಟರ್ ನೋಡಿಕೊಳ್ಳುತ್ತಿದ್ದೇನೆ, ಈ ಮೂರೂ ವಿಷಯ ಬೆಸೆಯುವ ಥಿಯರಿ ಸಂಶೋಧನೆ ಮಾಡುವ ಆಸೆ, ಸಾಧ್ಯವೇ?

ಸಾಧ್ಯ. ಆದರೆ ‘ಬೆಸೆಯುತ್ತೇನೆ’ ಅಂತ ಹೊರಟರೆ ಕಷ್ಟ. ನಾನು ಹಾಗೆ ಹೊರಟು ಒಂದೂವರೆ ವರ್ಷ ಕಳೆದುಕೊಂಡವನು.

ನಮ್ಮೂರು ಮಾನ್ವಿ ತಾಲ್ಲೂಕು, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗ. ಮೇಲಿನವರ ಹೊಲ ತುಂಬಿ ನಮ್ಮ ತನಕ ನೀರು ಬರುವಷ್ಟರಲ್ಲಿ ಭತ್ತದ ಮಡಿ ಒಣಗಿ ಬಿರುಕು ಬಿಟ್ಟಿರುತ್ತಿತ್ತು. ಎಂ.ಎಸ್‌ಸಿ. ಗಣಿತ ಓದುವಾಗ ಡೇಟಾ ಪ್ಯಾಕೆಟ್‌ಗಳ (ಇಂಟರ್ನೆಟ್‌ನಲ್ಲಿ ಮಾಹಿತಿಯನ್ನು ತುಂಡು ಮಾಡಿ ಕಳಿಸುವ ಸಣ್ಣ ಪೊಟ್ಟಣಗಳು) ಬಗ್ಗೆ ಓದಿದೆ ನೋಡಿ, ಇಂಟರ್ನೆಟ್ ಅಂದರೆ ನಮ್ಮ ಕಾಲುವೆಯೇ ಅನ್ನಿಸಿಬಿಟ್ಟಿತು. ಡ್ಯಾಮೇ ಸರ್ವರ್, ಉಪಕಾಲುವೆಯೇ ಲಿಂಕ್, ತೂಬೇ ರೌಟರ್. ದ್ರವ ಹರಿಯುವ ಸಮೀಕರಣಗಳನ್ನು ತಂದು ಹಾಕಿ 42 ಪುಟ ಬರೆದೆ. ಓದಲು ಕೊಟ್ಟಾಗ ಮೇಷ್ಟ್ರು ನಾಲ್ಕು ಪುಟ ತಿರುವಿ ಹಾಕಿ ಒಂದೇ ಮಾತು ಕೇಳಿದರು: “ಕಾಲುವೆ ಒಡೆದು ನೀರು ಹಳ್ಳಕ್ಕೆ ಹೋದರ, ಆ ನೀರನ್ನ ಡ್ಯಾಮಿನವರು ಇನ್ನೊಮ್ಮೆ ಕಳಸ್ತಾರೇನಪಾ?”

ಕಳಿಸುವುದಿಲ್ಲ. ಪ್ಯಾಕೆಟ್ ಹಾಗಲ್ಲ, ದಾರಿಯಲ್ಲಿ ಬಿದ್ದುಹೋದರೆ ಕಳಿಸಿದವನು ಮತ್ತೆ ಕಳಿಸುತ್ತಾನೆ. ಅಂದರೆ ದಾರಿ ಕಿಕ್ಕಿರಿದಷ್ಟೂ ಹೊರೆ ಹೆಚ್ಚುತ್ತದೆ. ನನ್ನ 42 ಪುಟದಲ್ಲಿ ಈ ಒಂದು ಸಂಗತಿಗೆ ಜಾಗವೇ ಇರಲಿಲ್ಲ.

ಇದು ಬರೀ ತರ್ಕವಲ್ಲ. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ, ಸುಮಾರು 400 ಗಜ ದೂರದಲ್ಲಿ, ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಮತ್ತೆ ಮತ್ತೆ ಕಳಿಸಿದ ಪ್ಯಾಕೆಟ್‌ಗಳೇ ದಾರಿ ತುಂಬಿದ್ದವು. ಅದೇ ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರದ ಬುಡದಲ್ಲಿದ್ದದ್ದು ಭೌತಶಾಸ್ತ್ರದವರಿಗೆ ಚೆನ್ನಾಗಿ ಗೊತ್ತಿರುವ ಸಂರಕ್ಷಣಾ ತತ್ವ: ಒಂದು ಪ್ಯಾಕೆಟ್ ಹೊರಗೆ ಹೋಗದೆ ಹೊಸದನ್ನು ಒಳಗೆ ಬಿಡಬೇಡ. ನಷ್ಟ ಕಂಡಾಗ ಕಳಿಸುವ ಪ್ರಮಾಣವನ್ನು ತಗ್ಗಿಸು, ಎಲ್ಲ ಸರಿಯಿದ್ದರೆ ಸ್ವಲ್ಪಸ್ವಲ್ಪವೇ ಏರಿಸು. ಹೀಗೆ ಕೂಡಿಸುತ್ತಾ ಏರಿ ಭಾಗಿಸಿ ಇಳಿದರೆ ಪಾಲು ತಾನಾಗಿ ಸಮವಾಗುತ್ತಾ ಹೋಗುತ್ತದೆ ಅಂತ 1989ರಲ್ಲಿ ಚಿಯು ಮತ್ತು ರಾಜ್ ಜೈನ್ ತೋರಿಸಿದರು.

ಕೆಳಭಾಗದವನಾದ ನನ್ನನ್ನು ಹಿಡಿದು ಕೂರಿಸಿದ್ದು ಮುಂದಿನದು. ಸಾಲಾಗಿ ಎರಡು ಲಿಂಕ್ ಇವೆ, ಒಂದೊಂದರ ಸಾಮರ್ಥ್ಯ 1. ಒಬ್ಬನ ದಾರಿ ಎರಡನ್ನೂ ದಾಟಬೇಕು, ಇನ್ನಿಬ್ಬರದು ಒಂದೊಂದೇ. ಒಟ್ಟು ಹರಿವು ಗರಿಷ್ಠ ಆಗಲಿ ಅಂದರೆ ದೂರದವನಿಗೆ ಸೊನ್ನೆ, ಉಳಿದವರಿಗೆ ಒಂದೊಂದು. ಎಲ್ಲರಿಗೂ ಸಮ ಅಂದರೆ ಅರ್ಧ ಅರ್ಧ, ಆದರೆ ಒಟ್ಟು 2ರಿಂದ 1.5ಕ್ಕೆ ಇಳಿಯಿತು. ಕೇಂಬ್ರಿಜ್‌ನ ಗಣಿತಜ್ಞ ಫ್ರಾಂಕ್ ಕೆಲಿ ಮತ್ತು ಸಂಗಡಿಗರು 1998ರಲ್ಲಿ ಮೂರನೆಯ ದಾರಿಯನ್ನು ವಿಶ್ಲೇಷಿಸಿದರು. ಪಾಲುಗಳ ಲಾಗರಿದಮ್ ಮೊತ್ತ ಗರಿಷ್ಠವಾಗಲಿ ಎಂದರೆ ದೂರದವನಿಗೆ ಮೂರರಲ್ಲೊಂದು ಭಾಗ, ಹತ್ತಿರದವರಿಗೆ ಮೂರರಲ್ಲೆರಡು. ಈ ಹಂಚಿಕೆ ಸ್ಥಿರವಾಗಿ ನಿಲ್ಲುತ್ತದೆಯೇ ಎನ್ನುವುದಕ್ಕೆ ಅವರು ಬಳಸಿದ್ದು ಲ್ಯಾಪುನೋವ್ ಫಲನ, ಬಟ್ಟಲಲ್ಲಿ ಉರುಳುವ ಗೋಲಿ ತಳದಲ್ಲಿ ನಿಲ್ಲುವ ಲೆಕ್ಕ ಅಂದುಕೊಳ್ಳಿ. ಮೂರೂ ವಿಷಯ ಬಂದವು, ಆದರೆ ಯಾರೂ ಬೆಸೆಯಲು ಕೂತಿರಲಿಲ್ಲ. ‘ಯಾರಿಗೆ ಎಷ್ಟು?’ ಎಂಬ ಒಂದು ಪ್ರಶ್ನೆ ಹಿಡಿದು ಹೋದರು, ಬೇಕಾದ ಹತ್ಯಾರ ಎಲ್ಲಿ ಸಿಕ್ಕಿತೋ ಅಲ್ಲಿಂದ ತಂದರು.

ಸರತಿ ಸಾಲಿನ ಸಿದ್ಧಾಂತವನ್ನು ಮೊದಲು ಓದಿ, ರೌಟರ್ ಮುಂದೆ ಪ್ಯಾಕೆಟ್‌ಗಳು ಕಾಯುವುದೂ ಸಾಲಿನಲ್ಲೇ. ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದುಕೊಂಡೇ 1909ರಲ್ಲಿ ಶುರು ಮಾಡಿದ ವಿದ್ಯೆ. (ಕಂಪನಿ ನೌಕರಿಯಲ್ಲಿ ಇದ್ದೀನಲ್ಲ ಅಂತ ಕೊರಗಬೇಡಿ ಅಂತ ಹೇಳಿದ್ದು.) ಸುಗ್ಗಿಯಲ್ಲಿ ಗಂಗಾವತಿಯ ರೈಸ್ ಮಿಲ್ಲಿನ ತೂಕದ ಕಾಟಾ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿದವರಿಗೆ ಇದು ಮೈಯೊಳಗೇ ಗೊತ್ತು. ಗಾಡಿಗಳು ಯದ್ವಾತದ್ವಾ ಬರುತ್ತವೆ, ತೂಗಲು ಸರಾಸರಿ 5 ನಿಮಿಷ, ಅದೂ ಏರುಪೇರು ಅನ್ನಿ. ಅತಿ ಸರಳ ಮಾದರಿಯ ಪ್ರಕಾರ ಕಾಟಾ ಅರ್ಧ ಹೊತ್ತು ಖಾಲಿ ಇದ್ದರೆ ನೀವು ಬಂದು ತೂಗಿಸಿ ಹೋಗಲು 10 ನಿಮಿಷ. ಶೇ. 90 ಹೊತ್ತು ತುಂಬಿದ್ದರೆ 50 ನಿಮಿಷ, ಶೇ. 95 ಆದರೆ 100. ಕೊನೆಯ ಐದೇ ಅಂಕ ಕಾಯುವುದನ್ನು ದುಪ್ಪಟ್ಟು ಮಾಡಿತು.

ಆದರೆ ಎರ್ಲಾಂಗ್ ಲೆಕ್ಕ ಕೂಡ ಒಂದು ಕಡೆ ಮುರಿಯಿತು. ಅಮೆರಿಕದ ಟೆಲಿಫೋನ್ ಸಂಶೋಧನಾ ಸಂಸ್ಥೆ ಬೆಲ್‌ಕೋರ್‌ನಲ್ಲಿ ಈಥರ್‌ನೆಟ್ (ಕಚೇರಿಯ ಕಂಪ್ಯೂಟರ್‌ಗಳನ್ನು ಜೋಡಿಸುವ ಜಾಲ) ಸಂಚಾರವನ್ನು ಅಳೆದು ಲೆಲ್ಯಾಂಡ್, ಟಕ್ಕು, ವಿಲಿಂಜರ್, ವಿಲ್ಸನ್ 1994ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸೆಕೆಂಡಿನ ಲೆಕ್ಕದಲ್ಲಿ ನೋಡಿದರೂ ನಿಮಿಷಗಳ ಲೆಕ್ಕದಲ್ಲಿ ನೋಡಿದರೂ ಅದೇ ಏರಿಳಿತ. ಫೋನ್ ಕರೆಗಳನ್ನು ಒಟ್ಟುಗೂಡಿಸಿದರೆ ಏರಿಳಿತ ನಯವಾಗುತ್ತದೆ, ಇಲ್ಲಿ ಹಾಗೆ ಆಗುವುದಿಲ್ಲ. ಈ ಗುಣ ಅಳೆಯಲು ಅವರು ಬಳಸಿದ ಹರ್ಸ್ಟ್ ಸಂಖ್ಯೆ ಬಂದದ್ದು ಎಲ್ಲಿಂದ? ನೈಲ್ ನದಿಯ ನೂರಾರು ವರ್ಷಗಳ ಏರಿಳಿತ ನೋಡಿ, ಜಲಾಶಯ ಎಷ್ಟು ದೊಡ್ಡದಿರಬೇಕು ಅಂತ 1951ರಲ್ಲಿ ಲೆಕ್ಕ ಹಾಕಿದ ಹೆರಾಲ್ಡ್ ಹರ್ಸ್ಟ್ ಎಂಬ ಜಲತಜ್ಞನಿಂದ. ಇದನ್ನು ಓದಿದ ರಾತ್ರಿ ನಾನು ಒಬ್ಬನೇ ನಕ್ಕೆ. ನನ್ನ ಕಾಲುವೆ ಸುಳ್ಳಾಗಿತ್ತು, ಆದರೆ ಬೇರೆ ಯಾರದೋ ಡ್ಯಾಮು ನಿಜವಾಗಿತ್ತು.

ನಮ್ಮ ಕಡೆಯವರಿಗೆ ಇದೆಲ್ಲ ಎಲ್ಲಿಂದ ಅನ್ನುವವರಿಗೆ ಒಂದು ಮಾತು: ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ 1945ರ ಒಂದೇ ಲೇಖನದಲ್ಲಿ ಸಂಖ್ಯಾಶಾಸ್ತ್ರದೊಳಕ್ಕೆ ವಕ್ರ ಜಾಗಗಳ ಜ್ಯಾಮಿತಿಯನ್ನು ತಂದರು.

ದಾರಿ ಕೇಳಿದರೆ, ಚೆನ್ನೈನ ಗಣಿತ ವಿಜ್ಞಾನಗಳ ಸಂಸ್ಥೆಯಲ್ಲಿ ಗಣಿತ, ಭೌತಶಾಸ್ತ್ರ, ಸೈದ್ಧಾಂತಿಕ ಕಂಪ್ಯೂಟರ್ ವಿಜ್ಞಾನ ಒಂದೇ ಸೂರಿನಡಿ ಇವೆ. ಪಿಎಚ್.ಡಿ. ಪ್ರವೇಶದ ಜೆಸ್ಟ್ ಪರೀಕ್ಷೆ ಭೌತಶಾಸ್ತ್ರಕ್ಕೂ ಸೈದ್ಧಾಂತಿಕ ಕಂಪ್ಯೂಟರ್ ವಿಜ್ಞಾನಕ್ಕೂ ಇದೆ. ಅದಕ್ಕೆ ಮುಂಚೆ ಸಂಭವನೀಯತೆ, ಲೀನಿಯರ್ ಆಲ್ಜೀಬ್ರಾ ಗಟ್ಟಿ ಮಾಡಿಕೊಳ್ಳಿ, ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟೆಲ್‌ನಲ್ಲಿ ಪುಕ್ಕಟೆ ಪಾಠ ಸಿಗುತ್ತವೆ.

ಇನ್ನೊಂದು, ನಮ್ಮಂಥವರಿಗೆ ಇಲ್ಲದ್ದು ನಿಮಗಿದೆ: ರೌಟರ್. ಕಂಪನಿಯವರ ಒಪ್ಪಿಗೆ ತಗೊಂಡು ಒಂದು ವಾರ ಲಿಂಕ್ ಎಷ್ಟು ತುಂಬಿದೆ, ಪಿಂಗ್ (ಒಂದು ಪ್ಯಾಕೆಟ್ ಹೋಗಿ ಉತ್ತರ ಬರುವ ಹೊತ್ತು) ಎಷ್ಟು ತಡವಾಯಿತು ಅಂತ ಬರೆದಿಡಿ. ಮೇಲಿನ ಕಾಟಾ ಲೆಕ್ಕದ ಪಕ್ಕ ಇಟ್ಟು ನೋಡಿ. ಸಂಜೆ ಎಂಟರ ಮೇಲೆ ಹೊಂದಲಿಕ್ಕಿಲ್ಲ ಅಂತ ನನ್ನ ಅಂದಾಜು. ಅಲ್ಲಿಂದ ಶುರು ಮಾಡಿ.