ಠಾಣೆಯ ತಪ್ಪೊಪ್ಪಿಗೆಯನ್ನು ನಾವು ಏಕೆ ಪ್ರಕಟಿಸಲಿಲ್ಲ

ಕುಂಬಳೆಯ ಓದುಗರೊಬ್ಬರ ಪತ್ರದ ಸಾರಾಂಶ: ಕಳ್ಳತನದ ಪ್ರಕರಣದಲ್ಲಿ ಸೆರೆಯಾದವನು ತಪ್ಪೊಪ್ಪಿಕೊಂಡನೆಂದು ಪೊಲೀಸರು ತಿಳಿಸಿದ್ದರೂ ನಿಮ್ಮ ವರದಿ ಆ ಮಾತನ್ನು ಕೈಬಿಟ್ಟಿದೆ. ಮಾಡದ ತಪ್ಪನ್ನು ಯಾರಾದರೂ ಒಪ್ಪಿಕೊಳ್ಳುತ್ತಾರೆಯೇ?

ಮಾನ್ಯರೇ,

ಒಪ್ಪಿಕೊಳ್ಳುತ್ತಾರೆ. 2017ರ ಸೆಪ್ಟೆಂಬರಿನಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ ಏಳು ವರ್ಷದ ಬಾಲಕನ ಕೊಲೆಯಾದಾಗ, ಅಂದೇ ಬಂಧಿತರಾದ ಶಾಲಾ ಬಸ್ಸಿನ ಕಂಡಕ್ಟರ್ ತಪ್ಪೊಪ್ಪಿಕೊಂಡಿದ್ದಾರೆಂದು ಪೊಲೀಸರು ಸಾರಿದರು. ಬಳಿಕ ತನಿಖೆ ವಹಿಸಿಕೊಂಡ ಸಿಬಿಐ ಅದೇ ಶಾಲೆಯ ವಿದ್ಯಾರ್ಥಿಯೊಬ್ಬನನ್ನು ವಶಕ್ಕೆ ಪಡೆಯಿತು. 2018ರ ಫೆಬ್ರುವರಿಯಲ್ಲಿ ನ್ಯಾಯಾಲಯ ಕಂಡಕ್ಟರರನ್ನು ಆರೋಪದಿಂದ ಮುಕ್ತಗೊಳಿಸಿತು. ಅಷ್ಟರಲ್ಲಿ ಆ ಬಡ ಕುಟುಂಬ ಅನುಭವಿಸಿದ್ದನ್ನು ಯಾವ ಆದೇಶವೂ ಹಿಂದಿರುಗಿಸಲಾರದು.

ಇದಕ್ಕೆ ಹೊಡೆತವೇ ಬೇಕೆಂದಿಲ್ಲ. ನಿದ್ದೆಗೆಟ್ಟು, ಮನೆಯವರ ಮುಖ ಕಾಣದೆ, ನಿನ್ನ ಬೆರಳಚ್ಚು ಸಿಕ್ಕಿದೆ, ಜೊತೆಗಾರ ಎಲ್ಲವನ್ನೂ ಹೇಳಿಬಿಟ್ಟಿದ್ದಾನೆ ಎಂಬ ಸುಳ್ಳನ್ನೇ ಮತ್ತೆ ಮತ್ತೆ ಕೇಳಿದವನಿಗೆ ಮೊದಲು ಆ ಕೋಣೆಯಿಂದ ಹೊರಬಿದ್ದರೆ ಸಾಕೆನಿಸುತ್ತದೆ. ನಿಜ ಹೇಗೂ ಕೋರ್ಟಿನಲ್ಲಿ ಹೊರಬರುತ್ತದೆಂದು ನಿರಪರಾಧಿಯೇ ಹೆಚ್ಚಾಗಿ ನಂಬುತ್ತಾನೆ. 'ಹಿಂಬಾಗಿಲಿನಿಂದ ಒಳಗೆ ಹೋದೆಯಲ್ಲ, ಕಬ್ಬಿಣದ ಸರಳು ಕೈಯಲ್ಲಿತ್ತಲ್ಲ' ಎಂದು ಕೇಳುವ ಪ್ರಶ್ನೆಗಳೇ ಕೃತ್ಯದ ವಿವರಗಳನ್ನು ಅವನ ಬಾಯಿಗೆ ಹಾಕುತ್ತವೆ. ಮಾಡಿದವನಿಗಲ್ಲದೆ ಬೇರೆಯವರಿಗೆ ತಿಳಿಯದ ಸಂಗತಿ ಎಂದು ಆಮೇಲೆ ನಾವು ಬೆರಗಾಗುವುದು ಈ ವಿವರಗಳಿಗೇ.

ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಬಾರದೆಂದು 1872ರಲ್ಲಿ ಬ್ರಿಟಿಷ್ ಸರಕಾರವೇ ಬರೆದಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಅದನ್ನೇ ಉಳಿಸಿಕೊಂಡಿದೆ. ಆರೋಪಿ ಕೊಟ್ಟ ಮಾಹಿತಿಯಿಂದ ಕದ್ದ ಒಡವೆ ಸಿಕ್ಕಿದರೆ, ಅದು ಸಿಗಲು ನೇರ ಕಾರಣವಾದ ಮಾತಿನಷ್ಟೇ ಭಾಗಕ್ಕೆ ವಿನಾಯಿತಿಯಿದೆ.

ಕಾಸರಗೋಡಿನವರಾದ ನಾವು ಇನ್ನೊಂದನ್ನು ಯೋಚಿಸಬೇಕು. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುವ, ಮಲಯಾಳ ಓದಲು ಬಾರದ ಎಷ್ಟೋ ಮಂದಿ ಬದಿಯಡ್ಕ, ಮಂಜೇಶ್ವರದ ಕಡೆ ಇದ್ದಾರೆ. ಠಾಣೆಯಲ್ಲಿ ಅಂಥವರು ಹೇಳಿದ್ದು ಮಲಯಾಳದಲ್ಲಿ ಬರಹಕ್ಕಿಳಿದರೆ ಹಾಳೆಯ ಮೇಲೆ ಏನಿದೆಯೆಂಬುದು ಅವರಿಗೇ ತಿಳಿಯದು. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕಿಸಬಾರದೆಂದೇ ಕಾನೂನು ಹೇಳುತ್ತದೆ. ಇದನ್ನು ಪ್ರತಿ ಮನೆಯವರೂ ತಿಳಿದಿರಬೇಕೆಂಬುದು ನನ್ನ ಕಳಕಳಿ.

ಮ್ಯಾಜಿಸ್ಟ್ರೇಟರ ಮುಂದೆ ಕ್ರಮವೇ ಬೇರೆ. ತಪ್ಪೊಪ್ಪಿಕೊಳ್ಳಲೇಬೇಕೆಂದಿಲ್ಲ, ಹೇಳಿದರೆ ಅದು ನಿನ್ನ ವಿರುದ್ಧವೇ ಸಾಕ್ಷ್ಯವಾದೀತು ಎಂದು ಅವರು ಮೊದಲೇ ತಿಳಿಸಬೇಕು. ಒಲ್ಲೆನೆಂದವನನ್ನು ಮತ್ತೆ ಪೊಲೀಸ್ ವಶಕ್ಕೆ ಕೊಡುವಂತಿಲ್ಲ. ಯೋಚಿಸಲು ಕನಿಷ್ಠ 24 ಗಂಟೆ ಕೊಡುವುದು ಲೇಸೆಂದು ಸುಪ್ರೀಂ ಕೋರ್ಟ್ 1957ರಲ್ಲಿಯೇ ಹೇಳಿದೆ. ಬರೆದದ್ದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು, ತಿದ್ದಲು, ಸೇರಿಸಲು ಬಿಡಬೇಕು. ಅಂಥ ದಾಖಲೆಯಾದರೆ ನಾವೂ ವರದಿ ಮಾಡುತ್ತೇವೆ. ನೀವು ಬರೆದ ಪ್ರಕರಣದಲ್ಲಿ ಇದ್ದದ್ದು ಪೊಲೀಸರ ಪತ್ರಿಕಾ ಹೇಳಿಕೆಯೊಂದೇ.

— ಸಂಪಾದಕ