ಗೆಳೆಯನ ಆಡಿ ಟಿಟಿಗೆ ಎಷ್ಟು ಕೊಡಬೇಕು? ಮೊದಲು ಗೇರ್‌ಬಾಕ್ಸ್ ಆಯಿಲ್ ಬಿಲ್ಲು ಕೇಳಿ

"ಹೊರಗಿನವರಿಗೆ 24 ಲಕ್ಷ, ನಿನಗಾದರೆ 23." ಗೆಳೆಯನ ಕಾರು ಕೊಳ್ಳಲು ಹೊರಟ ನೀವು ನನಗೆ ಬರೆದು ಕೇಳಿದ್ದೀರಿ. ನಿಮ್ಮ ಗೆಳೆಯ ಹೇಳಿದ ಈ ಮಾತನ್ನೇ ನನ್ನ ಗೆಳೆಯನೂ ಹೇಳಿದ್ದ. ಕಾರೂ ಅದೇ: ಆಡಿ ಟಿಟಿ, 2 ಲೀಟರ್ ಟರ್ಬೊ ಪೆಟ್ರೋಲ್, 6 ಗೇರಿನ ಎಸ್ ಟ್ರಾನಿಕ್ (ತಾನಾಗಿಯೇ ಗೇರು ಬದಲಿಸುವ ಪೆಟ್ಟಿಗೆ), ನಾಲ್ಕೂ ಚಕ್ರಕ್ಕೆ ಎಳೆತ. ನಿಮ್ಮದು 2016ರದು, 63,000 ಕಿ.ಮೀ. ಓಡಿದೆ ಎಂದಿದ್ದೀರಿ. ನಾನು ತಗೊಂಡದ್ದು 2015ರದು, 71,000 ಓಡಿತ್ತು. ಇನ್ನೂ ಎಷ್ಟು ಇಳಿಸಿ ಕೇಳಿದರೆ ಗೆಳೆತನಕ್ಕೆ ಪೆಟ್ಟು ಬೀಳಲ್ಲ ಅನ್ನೋದು ನಿಮ್ಮ ಪ್ರಶ್ನೆ. ನಾನು ಒಂದು ರೂಪಾಯಿಯೂ ಇಳಿಸಿ ಕೇಳಲಿಲ್ಲ. ಆದರೂ ಪೆಟ್ಟು ಬಿತ್ತು.

ಅವನು ಚಿತ್ರದುರ್ಗದಿಂದ ಕಾರು ಓಡಿಸಿಕೊಂಡು ಬಂದ. ಹೆದ್ದಾರಿ 48ರಲ್ಲಿ 60 ಕಿ.ಮೀ. ದಾವಣಗೆರೆ ಬೈಪಾಸಿನಲ್ಲಿ ಕೀ ನನ್ನ ಕೈಗೆ ಕೊಟ್ಟ. ನಾನು ಅದೇ ಹೆದ್ದಾರಿಯಲ್ಲಿ ಹೆಬ್ಬಾಳು ಟೋಲ್ ಕಡೆಗೆ ಹೋಗಿ ತಿರುಗಿಸಿಕೊಂಡು ಬಂದೆ. ನೂರರ ವೇಗದಲ್ಲಿ ಆ ಗಾಡಿ ನೀರಿನ ಮೇಲೆ ಎಣ್ಣೆ ಹರಿದ ಹಾಗೆ ಹೋಗುತ್ತೆ. ಗೇರು ಬದಲಾದದ್ದೇ ತಿಳಿಯಲ್ಲ. ಸರ್ವಿಸ್ ಆಗಿದೆಯಾ ಅಂತ ಕೇಳಿದೆ. "ಫುಲ್ ಸರ್ವಿಸ್, ಒಂದು ವರ್ಷವೂ ತಪ್ಪಿಸಿಲ್ಲ" ಅಂದ. ಅವನು ಸುಳ್ಳು ಹೇಳಿರಲಿಲ್ಲ. ಪುಸ್ತಕದಲ್ಲಿ ಸೀಲುಗಳಿದ್ದವು. ಅಲ್ಲೇ ಕೈ ಕುಲುಕಿ ಒಪ್ಪಿಕೊಂಡೆ.

ಏಪ್ರಿಲ್ ಬಿಸಿಲಿನಲ್ಲಿ ದಾವಣಗೆರೆಯ ಮಂಡಿಪೇಟೆಯೊಳಗೆ ಸಿಕ್ಕಿಹಾಕಿಕೊಂಡ ದಿನ ಗೊತ್ತಾಯಿತು. ಮುಂದೆ ಅಕ್ಕಿ ಮೂಟೆಯ ಲಾರಿ, ಎಡಕ್ಕೆ ತಳ್ಳುಗಾಡಿ, ಹತ್ತು ಅಡಿ ಹೋಗು, ನಿಲ್ಲು. ಇಪ್ಪತ್ತು ನಿಮಿಷ ಹೀಗೆ ತೆವಳಿದ ಮೇಲೆ ಬ್ರೇಕಿನಿಂದ ಕಾಲು ತೆಗೆದಾಗಲೆಲ್ಲ ಸೀಟಿನ ಕೆಳಗೆ ಗಡಗಡ ನಡುಕ. ಎರಡರಿಂದ ಒಂದನೇ ಗೇರಿಗೆ ಇಳಿಯುವಾಗ ಹಿಂದಿನಿಂದ ಯಾರೋ ಒದ್ದ ಹಾಗೆ ಧಡ್ ಅಂತ ಏಟು. ಹೆದ್ದಾರಿಯಲ್ಲಿ ಇದು ಯಾವತ್ತೂ ಕಾಣಲ್ಲ, ಯಾಕಂದರೆ ಅಲ್ಲಿ ಕ್ಲಚ್ಚು ಪೂರ್ತಿ ಹಿಡಿದುಕೊಂಡೇ ಇರುತ್ತೆ. ಅರೆಬರೆ ಹಿಡಿದು ಜಾರಬೇಕಾದ ಕಡೆ ಮಾತ್ರ ಕ್ಲಚ್ಚಿನ ಬಂಡವಾಳ ಬಯಲಾಗೋದು.

ನನ್ನ ತಪ್ಪು ಒಂದೇ. ಸರ್ವಿಸ್ ಆಗಿದೆಯಾ ಅಂತ ಕೇಳಿದೆ, ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ಬಿಲ್ಲು ತೋರಿಸು ಅಂತ ಕೇಳಲಿಲ್ಲ. ಇದನ್ನು ಬಿಡಿಸಿ ಹೇಳಲೇಬೇಕು, ನಿಮ್ಮ ಕಾರು 63,000ದಲ್ಲಿ ನಿಂತಿರುವುದೇ ಈ ಜಾಗದಲ್ಲಿ.

ಈ 6 ಗೇರಿನ ಪೆಟ್ಟಿಗೆಯೊಳಗೆ ಎರಡು ಕ್ಲಚ್ಚುಗಳಿವೆ: ಒಂದು 1, 3, 5 ಗೇರಿಗೆ, ಇನ್ನೊಂದು 2, 4, 6ಕ್ಕೆ. ರಿವರ್ಸ್ ಕೂಡ ಮೊದಲನೆಯ ಕ್ಲಚ್ಚಿನದೇ. ಎರಡೂ ಎಣ್ಣೆಯಲ್ಲಿ ಮುಳುಗಿ ತಿರುಗುವ ತಟ್ಟೆಗಳ ಕಂತೆಗಳು. ಅದೇ ಎಣ್ಣೆ ಹಲ್ಲುಚಕ್ರಗಳಿಗೂ ಹೋಗುತ್ತೆ, ಗೇರು ಬದಲಿಸುವ ಮೆಕಟ್ರಾನಿಕ್ ಘಟಕದ ವಾಲ್ವುಗಳನ್ನೂ ಅದೇ ಒತ್ತಡ ಕೊಟ್ಟು ನಡೆಸುತ್ತೆ. ತಟ್ಟೆ ಸವೆದಂತೆ ಅದರ ಪುಡಿ ಎಣ್ಣೆಗೆ ಬೀಳುತ್ತೆ. ಫಿಲ್ಟರ್ ಹಿಡಿಯುವಷ್ಟು ಹಿಡಿಯುತ್ತೆ, ಉಳಿದದ್ದು ವಾಲ್ವುಗಳ ಸಂದಿಗೆ ಸೇರುತ್ತೆ. ಬಿಸಿಗೆ ಎಣ್ಣೆಯ ಗುಣವೂ ಕೆಡುತ್ತೆ. ಆಗ ತಟ್ಟೆಗಳು ನಯವಾಗಿ ಜಾರಿ ಹಿಡಿಯುವ ಬದಲು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತವೆ. ನಡುಕ ಅಂದರೆ ಅದೇ. ನಡುಕದಿಂದ ಇನ್ನಷ್ಟು ಬಿಸಿ, ಬಿಸಿಗೆ ತಟ್ಟೆಯೇ ಸುಡುತ್ತೆ. ಅದಕ್ಕೇ 60,000 ಕಿ.ಮೀ.ಗೆ ಒಮ್ಮೆ ಈ ಎಣ್ಣೆ ಮತ್ತು ಫಿಲ್ಟರ್ ಬದಲಿಸಬೇಕು ಅನ್ನೋದು.

ಈ ಕೆಲಸ ವಾರ್ಷಿಕ ಸರ್ವಿಸಿನೊಳಗೆ ಬರಲ್ಲ. ಬೇರೆ ಹೇಳಿ ಮಾಡಿಸಬೇಕು, ಬೇರೆ ದುಡ್ಡು ಕೊಡಬೇಕು. ನನ್ನ ಗೆಳೆಯ 45,000ದ ಹೊತ್ತಿಗೆ ಕಂಪನಿ ವರ್ಕ್‌ಶಾಪ್ ಬಿಟ್ಟು ಹೊರಗೆ ಮಾಡಿಸತೊಡಗಿದ್ದ. ಇಂಜಿನ್ ಆಯಿಲ್, ಏರ್ ಫಿಲ್ಟರ್, ಎಸಿ ಫಿಲ್ಟರ್ ಎಲ್ಲ ಸರಿಯಾಗಿ ಆಗಿದ್ದವು. 60,000 ದಾಟಿದಾಗ ಗೇರ್‌ಬಾಕ್ಸ್ ನೆನಪಿಸುವವರು ಯಾರೂ ಇರಲಿಲ್ಲ. ಪುಸ್ತಕದ ಸೀಲು ನೋಡಿದರೆ ಇದು ತಿಳಿಯಲ್ಲ, ಬಿಲ್ಲಿನ ಸಾಲುಗಳನ್ನು ಓದಬೇಕು.

ಆಯಿಲ್ ನಿಜವಾಗಿ ಬದಲಿಸಿದ ಬಿಲ್ಲು ಹೀಗಿರುತ್ತೆ: ಒಂದೊಂದು ಲೀಟರಿನ ಐದಾರು ಡಬ್ಬಿ ಆಯಿಲ್, ಒಂದು ಫಿಲ್ಟರ್, ಡ್ರೈನ್ ಬೋಲ್ಟಿನ ವಾಷರ್, ಕೂಲಿ. ಆಡಿಯ ಆಯಿಲ್ ಹಾಕಿದ್ದರೆ ಜಿ 052 182 ಅನ್ನೋ ನಂಬರ್ ಇರುತ್ತೆ. ಪೆಟ್ಟಿಗೆಯೊಳಗೆ ಸುಮಾರು 7 ಲೀಟರ್ ಹಿಡಿದರೂ ಬದಲಿಸುವಾಗ ಹೊರಬರುವುದು 5 ಲೀಟರ್ ಚಿಲ್ಲರೆ, ಅದಕ್ಕೇ ಐದಾರು ಡಬ್ಬಿ. "ಗೇರ್‌ಬಾಕ್ಸ್ ಚೆಕ್" ಅಂತ ಒಂದೇ ಸಾಲು ಇದ್ದರೆ ಬದಲಿಸಿಲ್ಲ ಅಂತಲೇ ಹಿಡಿಯಿರಿ. ಎರಡು ಡಬ್ಬಿ ಇದ್ದರೆ ಸೋರಿ ಕಡಿಮೆಯಾದದ್ದನ್ನು ಯಾರೋ ತುಂಬಿಸಿದ್ದಾರೆ, ಅದು ಇನ್ನೂ ಕೆಟ್ಟ ಸುದ್ದಿ.

ನನ್ನ ಗಾಡಿಯನ್ನು ಫ್ಲಾಟ್‌ಬೆಡ್ ಮೇಲೆ ಬೆಂಗಳೂರಿಗೆ ಸಾಗಿಸಿ ಬಿಚ್ಚಿಸಿದಾಗ ಎಣ್ಣೆ ಇಂಗಾಲದ ಹಾಗೆ ಕಪ್ಪಾಗಿತ್ತು, ಒಗ್ಗರಣೆ ಸೀದ ವಾಸನೆ. ಕ್ಲಚ್ ಪ್ಯಾಕು, ಮೆಕಟ್ರಾನಿಕ್ ಶುದ್ಧಿ, ಆಯಿಲ್, ಕೂಲಿ ಸೇರಿ 2,40,000 ರೂಪಾಯಿ. ಹೊತ್ತಿಗೆ ಸರಿಯಾಗಿ ಮಾಡಿಸಿದ್ದರೆ 22,000ದಲ್ಲಿ ಮುಗಿಯುವ ಕೆಲಸ. ಇದನ್ನು ಅವನ ಹತ್ತಿರ ಎತ್ತಲು ನನ್ನಿಂದ ಆಗಲೇ ಇಲ್ಲ. ಒಂದು ಲಕ್ಷ ಬಿಟ್ಟುಕೊಟ್ಟವನಿಗೆ ಮತ್ತೆ ದುಡ್ಡಿನ ಮಾತು ಹೇಗೆ ಆಡೋದು? ಆ ರಿಯಾಯಿತಿ ನನ್ನ ಬಾಯಿ ಕಟ್ಟಿಹಾಕಿತ್ತು. ಅವನಿಗೆ ಬೇರೆಯವರಿಂದ ವಿಷಯ ತಿಳಿಯಿತು, ನನಗೇ ಯಾಕೆ ಹೇಳಲಿಲ್ಲ ಅಂತ ನೊಂದುಕೊಂಡ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಇನ್ನೂ ಎಷ್ಟು ಇಳಿಸಲಿ ಅಂತ ಯೋಚಿಸಬೇಡಿ. ಆ ಒಂದು ಲಕ್ಷದ ರಿಯಾಯಿತಿಯೇ ಬೇಡ ಅನ್ನಿ. ಗಾಡಿಯ ಬೆಲೆಯನ್ನು ಗಾಡಿಯಿಂದಲೇ ತೆಗೆಯಿರಿ, ನಿಮ್ಮಿಬ್ಬರ ಸಲುಗೆಯಿಂದಲ್ಲ.

ಲೆಕ್ಕ ಹೀಗೆ. ಇನ್ಶೂರೆನ್ಸ್ ಪಾಲಿಸಿಯಲ್ಲಿರುವ ಐಡಿವಿ (ಪಾಲಿಸಿ ಗಾಡಿಗೆ ಕಟ್ಟಿದ ಬೆಲೆ) ನೋಡಬೇಡಿ, 5 ವರ್ಷ ದಾಟಿದ ಗಾಡಿಗೆ ಅದು ಕಂಪನಿಯೂ ಮಾಲೀಕರೂ ಮಾತಾಡಿಕೊಂಡು ಬರೆದ ಅಂಕಿ ಅಷ್ಟೇ. ನಿಮ್ಮ ಗೆಳೆಯನಿಗೆ ಹೇಳಿ ಸೆಕೆಂಡ್ ಹ್ಯಾಂಡ್ ಡೀಲರುಗಳಿಬ್ಬರಿಂದ ಕೊಳ್ಳುವ ರೇಟು ತರಿಸಿ. ಅದೇ ವರ್ಷದ, ಹೆಚ್ಚುಕಡಿಮೆ ಅಷ್ಟೇ ಓಡಿದ ಟಿಟಿಯನ್ನು ಡೀಲರುಗಳು ಎಷ್ಟಕ್ಕೆ ಮಾರುತ್ತಾರೆ ಅಂತ ನೀವು ವಿಚಾರಿಸಿ. ಡೀಲರ್ 20.5 ಲಕ್ಷಕ್ಕೆ ಕೊಂಡು 25ಕ್ಕೆ ಮಾರುತ್ತಾನೆ ಅಂತ ಇಟ್ಟುಕೊಳ್ಳಿ. ನಡುವಿನ 22.75 ಲಕ್ಷ ಇಬ್ಬರಿಗೂ ಲಾಭ. ಅವನಿಗೆ ಡೀಲರ್ ಕೊಡುವುದಕ್ಕಿಂತ ಎರಡೂಕಾಲು ಲಕ್ಷ ಹೆಚ್ಚು, ನಿಮಗೆ ಅಷ್ಟೇ ಕಡಿಮೆ. ಇದರಲ್ಲಿ ಯಾರ ಉಪಕಾರವೂ ಇಲ್ಲ.

ಆಮೇಲೆ ಒಂದು ಹಾಳೆಯಲ್ಲಿ ಬಾಕಿ ಕೆಲಸ ಬರೆಯಿರಿ, ಇಬ್ಬರೂ ಕೂತು. ಗೇರ್‌ಬಾಕ್ಸ್ ಆಯಿಲ್ ಬಿಲ್ಲಿಲ್ಲದಿದ್ದರೆ 22,000 ಪೂರ್ತಿ. ಟೈರು ನಾಲ್ಕಕ್ಕೆ 84,000 ಆಗುತ್ತೆ, ನೂರಕ್ಕೆ ಅರವತ್ತು ಸವೆದಿದ್ದರೆ 50,400. ಮುಂದಿನ ಡಿಸ್ಕ್ ಮತ್ತು ಪ್ಯಾಡು 55,000, ಅರ್ಧ ಆಯುಸ್ಸು ಮುಗಿದಿದ್ದರೆ 27,500. ಬ್ಯಾಟರಿ 18,000, ನಾಲ್ಕು ಸ್ಪಾರ್ಕ್ ಪ್ಲಗ್ 8,000, ಹಿಂದಿನ ಚಕ್ರಗಳಿಗೆ ಎಳೆತ ಕಳಿಸುವ ಹಾಲ್ಡೆಕ್ಸ್ ಕ್ಲಚ್ಚಿನ ಆಯಿಲ್ 9,000. ಒಟ್ಟು 1,34,900. ಕಳೆದರೆ 21.40 ಲಕ್ಷ. ಈ ರೇಟುಗಳು ನನ್ನ ಅಂದಾಜು, ನೀವು ನಿಮ್ಮ ಮೆಕ್ಯಾನಿಕ್ ಹತ್ತಿರ ಕೇಳಿ ಬರೆಯಿರಿ. ಗಮನಿಸಿ, ಗೆಳೆತನದ ರೇಟು 23 ಆಗಿತ್ತು. ಹಾಳೆ ಅದಕ್ಕಿಂತ ಕೆಳಗೆ ಬಂತು, ಯಾರೂ ಯಾರನ್ನೂ ಚೌಕಾಸಿ ಮಾಡಲಿಲ್ಲ. ಎಲ್ಲ ಬಿಲ್ಲೂ ಇದ್ದು ಟೈರು ಹೊಸದಿದ್ದರೆ 22.75 ಪೂರ್ತಿ ಕೊಡಿ, ಒಂದು ಪೈಸೆ ಕಡಿಮೆ ಬೇಡ.

ಅವನು ಹಾಕಿಸಿದ ಎಕ್ಸಾಸ್ಟ್, ಅಲಾಯ್‌ಗೆ ದುಡ್ಡು ಸೇರಿಸಬೇಡಿ. ಸ್ಟೇಜ್ 1 ಟ್ಯೂನ್ (ಇಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸುವುದು) ಮಾಡಿಸಿದ್ದರೆ ಕಳೆಯಿರಿ. ಕಂಪನಿ ಕೊಟ್ಟ 370 ಎನ್ಎಂ ಟಾರ್ಕಿಗೇ (ತಿರುಗಿಸುವ ಬಲಕ್ಕೇ) ಈ ಕ್ಲಚ್ಚು ಸಾಕಷ್ಟು ದುಡಿಯುತ್ತೆ.

ಓಡಿಸಿ ನೋಡುವುದು ಹೆದ್ದಾರಿಯಲ್ಲಲ್ಲ. ಹಿಂದಿನ ದಿನವೇ ಗಾಡಿ ನಿಲ್ಲಿಸಿಡಲು ಹೇಳಿ, ಬೆಳಗ್ಗೆ ಬಾನೆಟ್ ಮುಟ್ಟಿ ತಣ್ಣಗಿರುವುದನ್ನು ನೋಡಿ ಸ್ಟಾರ್ಟ್ ಮಾಡಿ. ಆಮೇಲೆ ಸಂಜೆ ಹೊತ್ತಿಗೆ ಅರ್ಧ ಗಂಟೆ ಓಡಿಸಿ ಬಿಸಿ ಮಾಡಿ, ಚೌಕಿಪೇಟೆ, ಮಂಡಿಪೇಟೆಗೆ ನುಗ್ಗಿಸಿ. ಏರಿನಲ್ಲಿ ಬ್ರೇಕ್ ಬಿಟ್ಟು, ಎಕ್ಸಲರೇಟರ್ ಮುಟ್ಟದೆ ತೆವಳಲು ಬಿಡಿ. ಅದೇ ಏರನ್ನು ರಿವರ್ಸಿನಲ್ಲಿ ಹತ್ತಿಸಿ. ದಾವಣಗೆರೆಯಲ್ಲಿ ಏರು ಸಿಗೋದು ಕಷ್ಟ, ಚಿತ್ರದುರ್ಗದಲ್ಲಾದರೆ ಜೋಗಿಮಟ್ಟಿ ಕಡೆಯ ರಸ್ತೆ ಇದಕ್ಕೆ ಹೇಳಿ ಮಾಡಿಸಿದ್ದು. ನಂತರ ಸಡಿಲ ಜಲ್ಲಿಯ ಮೇಲೆ ನಿಂತಲ್ಲಿಂದ ಎಕ್ಸಲರೇಟರ್ ಜೋರಾಗಿ ಒತ್ತಿ: ಮುಂದಿನ ಚಕ್ರ ಮಾತ್ರ ತಿರುಗಿ ಕಲ್ಲು ಹಾರಿಸುತ್ತಾ ಇದ್ದರೆ ಹಿಂದಿನ ಹಾಲ್ಡೆಕ್ಸ್ ಹಿಡಿಯುತ್ತಿಲ್ಲ. ಅದರ ಪಂಪಿನ ಸಣ್ಣ ಜಾಲರಿ ಕಟ್ಟಿಕೊಂಡಿರುತ್ತೆ, ಎಷ್ಟೋ ಸಲ ಡ್ಯಾಶ್‌ಬೋರ್ಡಿನಲ್ಲಿ ಲೈಟೂ ಬರಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ಟೈರಿನ ಪಕ್ಕದಲ್ಲಿ ಕೊನೆಯ ನಾಲ್ಕಂಕಿ 2319 ಇದ್ದರೆ 2019ರ 23ನೇ ವಾರದ್ದು. ಟೈರಿನ ಬಟನ್ ಚೆನ್ನಾಗಿದ್ದರೂ ಆರು ವರ್ಷ ದಾಟಿದ ರಬ್ಬರಿಗೆ ಬೆಲೆ ಕಟ್ಟಬೇಡಿ. ಬಣ್ಣದ ದಪ್ಪ ಅಳೆಯುವ ಪೇಂಟ್ ಮೀಟರ್ 100ರಿಂದ 150 ಮೈಕ್ರಾನ್ ತೋರಿಸಿದರೆ ಕಂಪನಿ ಬಣ್ಣ, 500 ದಾಟಿದರೆ ಒಳಗೆ ಪುಟ್ಟಿ ಇದೆ. ಗಾಡಿ ಲಿಫ್ಟ್ ಮೇಲೆ ಹತ್ತಲಿ, ನಮ್ಮೂರಿನ ಹಂಪುಗಳು ತಗ್ಗಿನ ಕಾರಿನ ಹೊಟ್ಟೆಯನ್ನು ಬಿಡಲ್ಲ. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸಿ, ದೋಷಗಳ ಜೊತೆ ದಾಖಲಾದ ಕಿ.ಮೀ. ಮೀಟರಿಗಿಂತ ಜಾಸ್ತಿ ಇದೆಯಾ ನೋಡಿ, ಇದ್ದರೆ ಮೀಟರ್ ತಿರುಗಿಸಿದ್ದಾರೆ.

ಹೆಸರು ಬದಲಿಸುವ ಕಾಗದ: ಫಾರಂ 29 ಎರಡು ಪ್ರತಿ, ಫಾರಂ 30. ಸಾಲ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35. ಬೇರೆ ರಾಜ್ಯದ ನಂಬರಾದರೆ ಇಲ್ಲಿ ಮತ್ತೆ ಜೀವಾವಧಿ ತೆರಿಗೆ ಕಟ್ಟಬೇಕು, ಲಕ್ಷಗಟ್ಟಲೆ ಆಗುತ್ತೆ. ಕೆಎ 16ರಿಂದ (ಚಿತ್ರದುರ್ಗ) ಕೆಎ 17ರ (ದಾವಣಗೆರೆ) ವಿಳಾಸಕ್ಕೆ ಬಂದರೆ ಆ ಹೊರೆ ಇಲ್ಲ. ಗೆಳೆಯನಲ್ವಾ, ಆಮೇಲೆ ಟ್ರಾನ್ಸ್‌ಫರ್ ಮಾಡಿಸಿದರಾಯ್ತು ಅನ್ನಬೇಡಿ. ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿದ್ದವನೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇನ್ಶೂರೆನ್ಸನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಕೇಳಿ. ಅವನ ನೋ ಕ್ಲೇಮ್ ಬೋನಸ್ ಅವನ ಜೊತೆಗೇ ಹೋಗುತ್ತೆ, ಪ್ರೀಮಿಯಂ ಏರುವುದನ್ನು ಲೆಕ್ಕಕ್ಕೆ ಹಿಡಿದಿರಿ. ದುಡ್ಡು ಬ್ಯಾಂಕಿನ ಮೂಲಕವೇ. 2 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ನಗದು ತಗೊಳ್ಳುವುದನ್ನು ಆದಾಯ ತೆರಿಗೆ ಕಾನೂನು 2017ರಿಂದ ನಿಷೇಧಿಸಿದೆ.

ಗೇರ್‌ಬಾಕ್ಸ್ ಬಿಲ್ಲು ಸಿಗಲೇ ಇಲ್ಲ ಅನ್ನಿ. ಆಗ ಅಡ್ವಾನ್ಸ್ ಕೊಡುವ ಮುಂಚೆಯೇ ಆಯಿಲ್ ಬದಲಿಸಲು ಅವನ ಒಪ್ಪಿಗೆ ಕೇಳಿ, ಖರ್ಚು ನೀವೇ ಹಾಕಿ. ಈ ಪೆಟ್ಟಿಗೆ ಗೊತ್ತಿರುವ ಮೆಕ್ಯಾನಿಕ್ ಕೈಯಲ್ಲೇ ಆಗಬೇಕು: ಇಂಜಿನ್ ಓಡುತ್ತಿರುವಾಗ, ಗೇರ್‌ಬಾಕ್ಸ್ ಆಯಿಲ್ 35ರಿಂದ 45 ಡಿಗ್ರಿಯೊಳಗೆ ಇರುವಾಗ ಮಟ್ಟ ನೋಡಬೇಕು. ಬಿಸಿ ಹೆಚ್ಚಾದಾಗ ನೋಡಿದರೆ ಹಿಗ್ಗಿದ ಎಣ್ಣೆ ಹೆಚ್ಚು ಹರಿದುಹೋಗಿ ಕಡಿಮೆ ಉಳಿಯುತ್ತೆ. ಹಳೆಯ ಎಣ್ಣೆಯನ್ನು ಬಿಳಿ ಪ್ಲಾಸ್ಟಿಕ್ ಬೋಗುಣಿಗೆ ಇಳಿಸಿಸಿ, ಪಕ್ಕದಲ್ಲಿ ನೀವಿಬ್ಬರೂ ನಿಂತಿರಿ. ಕಾಫಿ ಡಿಕಾಕ್ಷನ್ ಹಾಗೆ ಕಂದಿದ್ದು, ಬೆರಳಿಗೆ ನುಣ್ಣಗೆ ಹತ್ತಿದರೆ 22,000 ಕಳೆದು ಗಾಡಿ ತಗೊಳ್ಳಿ. ಕಪ್ಪಾಗಿ ಸೀದ ವಾಸನೆ ಬಂದರೆ, ಎಣ್ಣೆಯಲ್ಲಿ ಮಿಂಚು ಪುಡಿ ಕಂಡರೆ, ಕ್ಲಚ್ ಪ್ಯಾಕಿನ ಖರ್ಚನ್ನೂ ಹಾಳೆಗೆ ಸೇರಿಸಿ ಅವನ ಮುಂದಿಡಿ. ಅವನಿಗೆ ಒಪ್ಪಿಗೆಯಾಗದಿದ್ದರೆ ಬಿಡಿ. ನಿಮ್ಮ ಗೆಳೆಯನ ಗಾಡಿಗೆ ಹೊಸ ಆಯಿಲ್ ಬಿದ್ದಿರುತ್ತೆ, ಮುಂದೆ ಕೊಳ್ಳುವವನಿಗೆ ತೋರಿಸಲು ಅವನ ಕೈಯಲ್ಲಿ ಆ ಬಿಲ್ಲೂ ಇರುತ್ತೆ.